ದುಡ್ಡಿನ ಇಂಗ್ಲಿಷ್ ಕಲಿಸುವ ಮಡಿಕೇರಿಯ ಶನಿವಾರದ ಕ್ಲಾಸು: ಎಂಟು ವಾರ ಹೋಗಿ ಬಂದವಳ ಮಾತು

ಮಡಿಕೇರಿ ಸುತ್ತಮುತ್ತ ಹೋಮ್‌ಸ್ಟೇ ನಡೆಸುವವರು, ಟ್ಯಾಕ್ಸಿ ಓಡಿಸುವವರು, ಕಾಫಿಪುಡಿ, ಜೇನು, ಕರಿಮೆಣಸು ಮಾರುವ ಅಂಗಡಿಯವರು ಇದನ್ನು ಓದಿ. ನಿಮಗೆ ಇಂಗ್ಲಿಷ್ ಅಷ್ಟೋ ಇಷ್ಟೋ ಬರುತ್ತೆ, ಆದರೆ ದುಡ್ಡಿನ ಮಾತು ಬಂದ ಕೂಡಲೇ ನಾಲಿಗೆ ತಡವರಿಸುತ್ತೆ ಅಂತಾದರೆ ಈ ಕ್ಲಾಸಿಗೆ ಸೇರಿ. ನಾನು ಎಂಟು ಶನಿವಾರ ತಪ್ಪದೆ ಹೋಗಿದ್ದೇನೆ. ದಿನಕ್ಕೆ ಒಂದೂವರೆ ಗಂಟೆ. ಒಟ್ಟು ಫೀಸು 2,400 ರೂಪಾಯಿ, ಎರಡು ಕಂತಲ್ಲಿ ಕೊಡಬಹುದು. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಕೊರತೆಗಳೂ ಇವೆ, ಅದನ್ನೂ ಮುಂದೆ ಬರೆದಿದ್ದೇನೆ.

ಕ್ಲಾಸಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದ ಮೇಡಂ ಒಬ್ಬರು ತಮ್ಮ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಹೇಳಿಕೊಡುತ್ತಾರೆ. ಅವರ ಹೆಸರನ್ನು ಎಲ್ಲೂ ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. ಪೇಟೆಯಲ್ಲಿ ಹೋಮ್‌ಸ್ಟೇ ನಡೆಸುವ ಯಾರನ್ನಾದರೂ ವಿಚಾರಿಸಿ, ದಾರಿ ತೋರಿಸುತ್ತಾರೆ.

ನಾನು ಯಾಕೆ ಹೋದೆ ಅನ್ನುವುದನ್ನು ಹೇಳಲೇಬೇಕು. ನಮ್ಮದು ಗಾಳಿಬೀಡು ಕಡೆ ಮೂರು ರೂಮಿನ ಸಣ್ಣ ಹೋಮ್‌ಸ್ಟೇ. ನಾನು ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಜೋರಾಗಿದ್ದಾಗ ಇಂಗ್ಲೆಂಡಿನ ಗಂಡ ಹೆಂಡತಿ ಎರಡು ರಾತ್ರಿಗೆ ರೂಮ್ ಬುಕ್ ಮಾಡಿದರು. ರಾತ್ರಿಗೆ 3,500, ಒಟ್ಟು 7,000. ಅದರಲ್ಲಿ 2,000 ಅಡ್ವಾನ್ಸ್ ಕಳಿಸಿದರು. ಆಮೇಲೆ ಒಂದು ಮೆಸೇಜ್ ಬಂತು: ‘ಈಸ್ ದ ಡಿಪಾಸಿಟ್ ರೀಫಂಡಬಲ್?’ ನನ್ನ ತಲೆಯಲ್ಲಿ ಡಿಪಾಸಿಟ್ ಅಂದರೆ ಬ್ಯಾಂಕಿನ ಎಫ್‌ಡಿ, ಇಲ್ಲದಿದ್ದರೆ ಬಾಡಿಗೆ ಮನೆಗೆ ಕೊಡುವ ದೊಡ್ಡ ಮೊತ್ತ. ಇವರು ಅದನ್ನು ಕೊಟ್ಟೇ ಇಲ್ಲವಲ್ಲ ಅಂದುಕೊಂಡು, ‘ನೋ ಡಿಪಾಸಿಟ್. ಓನ್ಲಿ ಅಡ್ವಾನ್ಸ್’ ಅಂತ ಉತ್ತರ ಕೊಟ್ಟೆ. ಅವರು ಕೇಳಿದ್ದು ಆ 2,000 ರೂಪಾಯಿಯನ್ನೇ. ನಮ್ಮಲ್ಲಿ ಡಿಪಾಸಿಟ್ ಅನ್ನುವುದೇ ಇಲ್ಲ, ಕ್ಯಾನ್ಸಲ್ ಮಾಡಿದರೆ ಏನೂ ನಷ್ಟ ಇಲ್ಲ ಅಂತ ಅವರು ಅರ್ಥ ಮಾಡಿಕೊಂಡರು. ಬರುವ ಹಿಂದಿನ ದಿನ ರಸ್ತೆ ಬದಿ ಮಣ್ಣು ಕುಸಿದ ಸುದ್ದಿ ನೋಡಿ ಬುಕಿಂಗ್ ಬಿಟ್ಟರು, ದುಡ್ಡು ವಾಪಸ್ ಕೇಳಿದರು. ನಾನು ಆಗಲೇ ಕೋಳಿ, ತರಕಾರಿ ಎಲ್ಲ ತಂದಾಗಿತ್ತು. ‘ಅಡ್ವಾನ್ಸ್ ವಿಲ್ ನಾಟ್ ಕಮ್’ ಅಂತ ಬರೆದೆ. ಅವರಿಗೆ ಅದು ಎಷ್ಟು ಒರಟಾಗಿ ಕೇಳಿಸಿರಬೇಕು ಅಂತ ಈಗ ಗೊತ್ತಾಗುತ್ತೆ. ಎರಡು ದಿನ ಬಿಟ್ಟು ಮನಸ್ಸು ತಡೆಯದೆ ಪೂರ್ತಿ ದುಡ್ಡು ಕಳಿಸಿದೆ. ಅಷ್ಟರಲ್ಲಿ ಅವರು ನಮ್ಮ ಹೋಮ್‌ಸ್ಟೇ ಪುಟದಲ್ಲಿ ಬರೆದಾಗಿತ್ತು: ಡಿಪಾಸಿಟ್ ಇಲ್ಲ ಅಂತ ಹೇಳಿ ದುಡ್ಡು ಇಟ್ಟುಕೊಂಡರು ಅಂತ. ಆ ಸಾಲು ಇವತ್ತಿಗೂ ಅಲ್ಲೇ ಇದೆ. ಮನೆಯವರು ಬಿಟ್ಟಾಕು ಅಂದರು. ನನಗೆ ಆಗಲಿಲ್ಲ. ದುಡ್ಡಿನ ವಿಷಯದಲ್ಲಿ ನಮ್ಮ ಮನೆಗೆ ಅಲ್ಲಿವರೆಗೆ ಯಾರೂ ಬೆರಳು ತೋರಿಸಿರಲಿಲ್ಲ.

ಇದಕ್ಕೆ ಮುಂಚೆ ನಾನು ಇಂಗ್ಲಿಷ್ ಕಲಿಯಲು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ಪದ ಕೊಡುತ್ತೆ, ಅರ್ಥ ಕೊಡುತ್ತೆ, ಐವತ್ತು ಪದ ಆದ ಮೇಲೆ ಒಂದು ನಕ್ಷತ್ರ ಕೊಡುತ್ತೆ. ಆದರೆ ಪೇ, ಮನಿ, ಲೋನ್, ರೇಟ್, ಬ್ಯಾಲೆನ್ಸ್, ಈ ಪದಗಳು ನಮಗೆ ಯಾರಿಗೆ ಗೊತ್ತಿಲ್ಲ? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ಗೊತ್ತು. ಯಾವ ಪದದ ಪಕ್ಕ ಯಾವ ಪದ ಕೂರುತ್ತೆ ಅನ್ನುವುದು ಗೊತ್ತಿಲ್ಲ, ತೊಂದರೆ ಇರುವುದೇ ಅಲ್ಲಿ. ಈ ಕ್ಲಾಸಿನ ಪಾಠ ಶುರುವಾಗುವುದೂ ಅಲ್ಲಿಂದಲೇ.

ಮೊದಲ ದಿನ ಮೇಡಂ ಪುಸ್ತಕ ತೆಗೆಯಲಿಲ್ಲ. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಸಾಲ’ ಅಂತ ಬರೆದು, ಇದರ ಪಕ್ಕ ಏನೇನು ಹಾಕುತ್ತೀರಿ ಹೇಳಿ ಅಂದರು. ಒಬ್ಬೊಬ್ಬರೇ ಶುರು ಮಾಡಿದೆವು. ಸಾಲ ಮಾಡು, ಸಾಲ ಎತ್ತು, ಸಾಲ ಕೊಡು, ಸಾಲ ತೀರಿಸು, ಸಾಲ ಕಟ್ಟು, ಸಾಲ ಮನ್ನಾ. ಆಮೇಲೆ ‘ಚೀಟಿ’ ಬರೆದರು. ಚೀಟಿ ಕಟ್ಟು, ಚೀಟಿ ಎತ್ತು. ‘ಒಡವೆ’ ಬರೆದರು. ಅಡ ಇಡು, ಬಿಡಿಸಿಕೋ. ಬೋರ್ಡು ತುಂಬಿಹೋಯಿತು. ಆಗ ಕೇಳಿದರು, ಸಾಲ ಕಟ್ಟಿದೆ ಅಂದರೆ ತೀರಿಸಿದೆ ಅಂತ, ಮನೆ ಕಟ್ಟಿದೆ ಅಂದರೆ ಬೇರೆ, ದನ ಕಟ್ಟಿದೆ ಅಂದರೆ ಇನ್ನೂ ಬೇರೆ, ಇದನ್ನು ನಿಮಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರು? ಯಾರೂ ಮಾತಾಡಲಿಲ್ಲ. ಎಲ್ಲೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಕೇಳಿ ಕೇಳಿ ಜೋಡಿಯಾಗಿಯೇ ಬಂದಿದೆ. ಇಂಗ್ಲಿಷ್‌ನವರಿಗೂ ಹಾಗೆಯೇ ಬಂದಿರುತ್ತೆ, ನೀವು ಒಂಟಿ ಪದ ಕಲಿತು ಕನ್ನಡದ ಜೋಡಿಗೆ ಹಾಕುತ್ತೀರಿ, ಅದಕ್ಕೆ ಹೊಂದುವುದಿಲ್ಲ ಅಂದರು. ನನಗೆ ಎಷ್ಟೋ ವರ್ಷದ ಗಂಟು ಅವತ್ತು ಬಿಚ್ಚಿದ ಹಾಗಾಯಿತು.

ಉದಾಹರಣೆಗೆ ನಮ್ಮ ‘ಮಾಡು’. ಖರ್ಚು ಮಾಡು, ಪೇಮೆಂಟ್ ಮಾಡು, ಲಾಭ ಮಾಡು, ಸಾಲ ಮಾಡು, ಉಳಿತಾಯ ಮಾಡು. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಮಾಡು. ಅದೇ ಅಭ್ಯಾಸದಲ್ಲಿ ನಾವು ‘ಡು ಪೇಮೆಂಟ್’ ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಪೇಮೆಂಟಿನ ಜೊತೆ ಬರುವುದು ‘ಮೇಕ್’. ಮೇಕ್ ಎ ಪೇಮೆಂಟ್, ಮೇಕ್ ಎ ಪ್ರಾಫಿಟ್, ಮೇಕ್ ಎ ಲಾಸ್, ಮೇಕ್ ಮನಿ. ಸಾಲ ತಗೊಳ್ಳುವುದಕ್ಕೆ ಮೇಕ್ ಬರುವುದಿಲ್ಲ. ಬ್ಯಾಂಕಿನಿಂದ ಸಾಲ ಎತ್ತಿದರೆ ‘ಟೇಕ್ ಔಟ್ ಎ ಲೋನ್’, ತೀರಿಸಿಬಿಟ್ಟರೆ ‘ಪೇ ಆಫ್ ಎ ಲೋನ್’, ಸಾಲದಲ್ಲಿ ಮುಳುಗಿದ್ದರೆ ‘ಇನ್ ಡೆಟ್’. ಖರ್ಚಿಗೆ ‘ಸ್ಪೆಂಡ್’. ಯಾವುದಕ್ಕೆ ಖರ್ಚು ಮಾಡಿದೆ ಅನ್ನುವಾಗ ನಮ್ಮ ‘ಕ್ಕೆ’ ನೋಡಿ ‘ಫಾರ್’ ಹಾಕಬಾರದು, ‘ಆನ್’ ಹಾಕಬೇಕು: ಮಕ್ಕಳ ಫೀಸಿಗೆ ಖರ್ಚು ಮಾಡಿದೆ ಅಂದರೆ ಸ್ಪೆಂಟ್ ಆನ್ ಸ್ಕೂಲ್ ಫೀಸ್. ಆದರೆ ಕೂಡಿಡುವಾಗ ‘ಫಾರ್’ ಬರುತ್ತೆ, ಸೇವ್ ಅಪ್ ಫಾರ್ ಎ ಕಾರ್. ಇದಕ್ಕೆ ನಿಯಮ ಹುಡುಕಬೇಡಿ, ಜೋಡಿಯನ್ನೇ ಬಾಯಿಗೆ ರೂಢಿ ಮಾಡಿ ಅಂತ ಪ್ರತಿ ವಾರ ಹೇಳುತ್ತಿದ್ದರು.

ಕೊಡುವುದು ತಗೊಳ್ಳುವುದರ ಗೊಂದಲ ನನಗೊಬ್ಬಳಿಗೇ ಅಂದುಕೊಂಡಿದ್ದೆ. ಕ್ಲಾಸಿನಲ್ಲಿ ಹನ್ನೆರಡು ಜನ, ಎಲ್ಲರಿಗೂ ಇತ್ತು. ಕನ್ನಡದಲ್ಲಿ ಸಾಲ ಅನ್ನುವ ಪದ ನಡುವೆ ನಿಂತಿರುತ್ತೆ, ಪಕ್ಕದಲ್ಲಿ ಕೊಡು ಅಥವಾ ತಗೋ ಬದಲಾಗುತ್ತೆ ಅಷ್ಟೇ. ಇಂಗ್ಲಿಷ್‌ನಲ್ಲಿ ಪದವೇ ಬೇರೆ. ಕೊಡುವವರು ‘ಲೆಂಡ್’ ಮಾಡುತ್ತಾರೆ, ತಗೊಳ್ಳುವವರು ‘ಬಾರೋ’ ಮಾಡುತ್ತಾರೆ. ಇದನ್ನು ಮೇಡಂ ಬಾಯಲ್ಲಿ ಹೇಳಿ ಬಿಡಲಿಲ್ಲ. ತಮ್ಮ ಪರ್ಸಿನಿಂದ ನೂರರ ನೋಟೊಂದನ್ನು ತೆಗೆದು ನನ್ನ ಕೈಗೆ ಇಟ್ಟು ‘ಐ ಲೆಂಟ್ ಯು’ ಅಂದರು, ನಾನು ‘ಐ ಬಾರೋಡ್ ಫ್ರಂ ಯು’ ಅನ್ನಬೇಕು. ನೋಟು ಹನ್ನೆರಡು ಕೈ ದಾಟಿ, ಒಂದೊಂದು ಕೈಯಲ್ಲೂ ಎರಡು ಮಾತು ಆಡಿಸಿ, ಸುತ್ತು ಬಂದು ಮತ್ತೆ ಅವರ ಪರ್ಸಿಗೆ ಸೇರಿತು. ಕೊನೆಯವರು ‘ಐ ಹ್ಯಾವ್ ಪೇಯ್ಡ್ ಯು ಬ್ಯಾಕ್’ ಅಂದರು. ನೋಟಿನ ಮೂಲೆ ಅಷ್ಟರಲ್ಲಿ ಬೆವರಿಗೆ ಮೆತ್ತಗಾಗಿತ್ತು. ಆವತ್ತಿನಿಂದ ಆ ಎರಡು ಪದ ನನಗೆ ತಪ್ಪಿಲ್ಲ.

‘ಪೇ’ ಬಗ್ಗೆ ಎರಡು ಪೂರ್ತಿ ವಾರ ತಗೊಂಡರು. ಜಾಸ್ತಿ ಆಯಿತು ಅಂತ ಮೊದಲು ಅನಿಸಿತ್ತು, ಈಗ ಅನಿಸುವುದಿಲ್ಲ. ಬಿಲ್ಲು, ಫೀಸು, ತೆರಿಗೆ, ಬಾಡಿಗೆ, ಇದಕ್ಕೆಲ್ಲ ನೇರವಾಗಿ ಪೇ: ಪೇ ದ ಬಿಲ್, ಪೇ ದ ರೆಂಟ್. ಮನುಷ್ಯರಿಗೂ ನೇರವಾಗಿ: ಪೇ ದ ಡ್ರೈವರ್. ಆದರೆ ಕೊಂಡ ವಸ್ತುವಿಗೆ ‘ಫಾರ್’ ಬೇಕೇ ಬೇಕು: ಪೇ ಫಾರ್ ದ ರೂಮ್, ಪೇ ಫಾರ್ ದ ಫುಡ್. ನಾನು ಇಷ್ಟು ವರ್ಷ ‘ಯು ಪೇ ಫುಡ್ ಸೆಪರೇಟ್’ ಅಂತಿದ್ದೆ. ನೋಟು ಕೊಟ್ಟರೆ ಪೇ ಇನ್ ಕ್ಯಾಶ್, ಕಾರ್ಡಾದರೆ ಪೇ ಬೈ ಕಾರ್ಡ್. ಮುಂಚೆಯೇ ಕೊಟ್ಟರೆ ಪೇ ಇನ್ ಅಡ್ವಾನ್ಸ್, ಪೂರ್ತಿ ಕೊಟ್ಟರೆ ಪೇ ಇನ್ ಫುಲ್, ಕಂತಿನಲ್ಲಿ ಕೊಟ್ಟರೆ ಪೇ ಇನ್ ಇನ್‌ಸ್ಟಾಲ್‌ಮೆಂಟ್ಸ್.

ಕಂತಿನ ಮಾತು ಬಂದಾಗ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರೊಬ್ಬರು, ನಾವೆಲ್ಲ ಅವರನ್ನು ಅಣ್ಣ ಅಂತಿದ್ದೆವು, ತಮ್ಮ ಅಪ್ಪನ ಕಾಲ ನೆನಪಿಸಿಕೊಂಡರು. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. ದುಡ್ಡು ಒಂದೇ ಸಲ ಬರುತ್ತಿರಲಿಲ್ಲ, ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು, ಬೆಳೆಗಾರರೇ ನೇರವಾಗಿ ಮಾರುವ ಹಾಗಾಯಿತು. ಇನ್‌ಸ್ಟಾಲ್‌ಮೆಂಟ್ ಅನ್ನುವ ಪದ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮುಂಚಿನಿಂದ ಇತ್ತು, ಅದಕ್ಕಿಂತ ಮೊದಲು ಇನ್ ಹಾಕಬೇಕು ಅಂತ ಇವತ್ತು ಗೊತ್ತಾಯಿತು ಅಂದರು. ಇಂಥ ಮಾತಿಗೆ ಮೇಡಂ ಜಾಗ ಕೊಡುತ್ತಾರೆ, ಗಡಿಯಾರ ನೋಡುವುದಿಲ್ಲ. ಕ್ಲಾಸಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಅದೇ ಅಣ್ಣನ ಕಷ್ಟ ಬೇರೆ ಥರದ್ದು. ಅವರಿಗೆ ಅತಿಥಿಗಳ ಜೊತೆ ಮಾತಾಡುವ ಕೆಲಸ ಇಲ್ಲ. ಅವರು ಬೆಳಿಗ್ಗೆ ಎದ್ದು ಫೋನಿನಲ್ಲಿ ಮಾರುಕಟ್ಟೆ ವರದಿ ಓದುತ್ತಾರೆ. ರೋಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆ, ಅರೇಬಿಕಾ ಕಾಫಿಗೆ ನ್ಯೂಯಾರ್ಕ್. ಲಂಡನ್ ಬೆಲೆ ಟನ್ನಿಗೆ ಇಷ್ಟು ಡಾಲರ್ ಅಂತ, ನ್ಯೂಯಾರ್ಕ್ ಬೆಲೆ ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಅಂತ ಬರುತ್ತೆ. ಅಂಕಿ ಅರ್ಥವಾಗುತ್ತೆ, ಪಕ್ಕದ ಪದ ಅರ್ಥವಾಗುವುದಿಲ್ಲ. ‘ಪ್ರೈಸಸ್ ಈಸ್ಡ್’ ಅಂತ ಇದ್ದರೆ ಬೆಳೆಗಾರರಿಗೆ ಸಲೀಸಾಯಿತು ಅಂತಲೇ ಅವರು ತಿಳಿದುಕೊಂಡಿದ್ದರು. ಅದರ ಅರ್ಥ ಬೆಲೆ ಸ್ವಲ್ಪ ಇಳಿದಿದೆ ಅಂತ. ಅದನ್ನು ತಪ್ಪು ತಿಳಿದು ಒಂದು ಸಲ ಚೀಲಗಳನ್ನು ಮಾರದೆ ಇಟ್ಟುಕೊಂಡಿದ್ದರಂತೆ. ಮೇಡಂ ಅವರಿಗಾಗಿ ಒಂದು ಹಾಳೆ ತುಂಬ ಬೆಲೆಯ ಜೋಡಿಗಳನ್ನು ಬರೆದುಕೊಟ್ಟರು. ಬೆಲೆ ಜಿಗಿದರೆ ‘ಸೋರ್’, ಧಡ್ಡನೆ ಬಿದ್ದರೆ ‘ಸ್ಲಂಪ್’, ಕದಲದೆ ಗಟ್ಟಿಯಾಗಿ ನಿಂತರೆ ‘ರಿಮೇನ್ ಫರ್ಮ್’, ಹಿಂದೆಂದೂ ಕಾಣದ ಎತ್ತರಕ್ಕೆ ಹೋದರೆ ‘ಹಿಟ್ ಎ ರೆಕಾರ್ಡ್ ಹೈ’. ಈ ಕೊನೆಯದು 2024, 2025ರಲ್ಲಿ ರೋಬಸ್ಟಾ ಬೆಲೆ ಏರಿದಾಗ ದಿನಾ ಕಣ್ಣಿಗೆ ಬೀಳುತ್ತಿತ್ತು ಅಂತ ಅಣ್ಣ ಅಂದರು.

ಇನ್ನೊಂದು ವಿಷಯ ಇಲ್ಲಿಯೇ ಹೇಳಬೇಕು. ‘ರೈಸ್’ (rise) ಮತ್ತು ‘ರೇಸ್’ (raise) ವ್ಯತ್ಯಾಸವನ್ನು ಎಷ್ಟು ಪುಸ್ತಕದಲ್ಲಿ ಓದಿದರೂ ನನಗೆ ನಿಂತಿರಲಿಲ್ಲ. ಮೇಡಂ ಎರಡೇ ಪದದಲ್ಲಿ ಹೇಳಿದರು: ರೈಸ್ ಅಂದರೆ ಏರು, ರೇಸ್ ಅಂದರೆ ಏರಿಸು. ಬೆಲೆ ತಾನೇ ಏರಿದರೆ ರೈಸ್, ನಾವು ಏರಿಸಿದರೆ ರೇಸ್. ಇದು ಕನ್ನಡ ಗೊತ್ತಿರುವ ಟೀಚರಿಗೆ ಮಾತ್ರ ಹೊಳೆಯುತ್ತೆ. ಪೂರ್ತಿ ಇಂಗ್ಲಿಷ್‌ನಲ್ಲೇ ಪಾಠ ಮಾಡುವ ಕಡೆ ದುಬಾರಿ ಫೀಸು ಕಟ್ಟಿ ಕೂತವರಿಗೆ ಇದು ಸಿಗುವುದಿಲ್ಲ.

ಸುಂಟಿಕೊಪ್ಪದಿಂದ ಬರುತ್ತಿದ್ದ ಟ್ಯಾಕ್ಸಿ ಅಣ್ಣನ ಪದ ‘ಬಾಡಿಗೆ’. ನಮಗೆ ಮನೆಗೂ ಬಾಡಿಗೆ, ಕಾರಿಗೂ ಬಾಡಿಗೆ, ಆಟೋದಲ್ಲಿ ಹೋದರೂ ಬಾಡಿಗೆ. ಅವರು ಎಲ್ಲಕ್ಕೂ ‘ರೆಂಟ್’ ಅನ್ನುತ್ತಿದ್ದರು. ತಲಕಾವೇರಿಗೆ ಹೋಗಿ ಬರಲು ರೆಂಟ್ ಇಷ್ಟು ಅಂತ ಹೇಳಿದಾಗ, ಹೊರದೇಶದವರು ಕೀಲಿ ತಮ್ಮ ಕೈಗೆ ಕೊಡುತ್ತಾರೆ, ತಾವೇ ಓಡಿಸಬೇಕು ಅಂದುಕೊಂಡು ಬೇಡ ಅಂದದ್ದುಂಟಂತೆ. ಟ್ಯಾಕ್ಸಿಯಲ್ಲಿ, ಬಸ್ಸಿನಲ್ಲಿ ಕೂತು ಹೋಗುವುದಕ್ಕೆ ಕೊಡುವುದು ‘ಫೇರ್’. ಒಳಗೆ ಹೋಗಲು ಟಿಕೆಟ್ಟಿಗೆ ಕೊಡುವುದು ‘ಎಂಟ್ರನ್ಸ್ ಫೀ’. ರಸ್ತೆಗೆ ‘ಟೋಲ್’, ತಪ್ಪು ಮಾಡಿದ್ದಕ್ಕೆ ‘ಫೈನ್’. ರೂಮಿಗೆ ‘ರೂಮ್ ರೇಟ್’. ತೋಟದಲ್ಲಿ ವಾರದ ಬಟವಾಡೆಗೆ ‘ವೇಜಸ್’, ತಿಂಗಳ ಸಂಬಳಕ್ಕೆ ‘ಸ್ಯಾಲರಿ’. ಎಲ್ಲವೂ ಕೈಯಿಂದ ಹೋಗುವ, ಕೈಗೆ ಬರುವ ದುಡ್ಡೇ. ಹೆಸರು ಮಾತ್ರ ಬೇರೆ ಬೇರೆ. ಟ್ಯಾಕ್ಸಿ ಅಣ್ಣ ಈಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಕಾರ್ಡ್ ಇಟ್ಟುಕೊಂಡಿದ್ದಾರೆ: ದುಬಾರೆಗೆ ಫೇರ್ ಇಷ್ಟು, ಅಬ್ಬಿ ಜಲಪಾತಕ್ಕೆ ಇಷ್ಟು, ವೇಯ್ಟಿಂಗ್ ಚಾರ್ಜ್ ಗಂಟೆಗೆ ಇಷ್ಟು. ನಾನೇ ನೋಡಿದ್ದೇನೆ, ಲ್ಯಾಮಿನೇಷನ್ ಮಾಡಿಸಿದ್ದಾರೆ.

ರಾಜಾಸೀಟ್ ಹತ್ತಿರ ಮಸಾಲೆ, ಚಾಕೊಲೇಟ್ ಮಾರುವ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳಿಂದ ನನಗೂ ಲಾಭ ಆಯಿತು. ‘ಚೀಪ್ ಪ್ರೈಸ್’ ಅನ್ನಬಾರದು, ವಸ್ತು ಚೀಪ್ ಆಗಿರುತ್ತೆ, ಬೆಲೆ ‘ಲೋ’ ಆಗಿರುತ್ತೆ ಅನ್ನುವುದು ಅವಳ ಪ್ರಶ್ನೆಯಿಂದ ಬಂದದ್ದು. ಚಿಲ್ಲರೆಗೆ ‘ಚೇಂಜ್’, ಎಷ್ಟೇ ನಾಣ್ಯ ಇದ್ದರೂ ಚೇಂಜಸ್ ಅಲ್ಲ. ಐನೂರಕ್ಕೆ ಚಿಲ್ಲರೆ ಇದೆಯಾ ಅಂದರೆ ‘ಡು ಯು ಹ್ಯಾವ್ ಚೇಂಜ್ ಫಾರ್ ಫೈವ್ ಹಂಡ್ರೆಡ್?’ ಇಲ್ಲಿ ಒಂದು ಖುಷಿಯ ವಿಷಯ ಸಿಕ್ಕಿತು. ನಾವು ನೋಟು ಮುರಿಸುತ್ತೇವೆ ಅಲ್ವಾ, ಅವರೂ ನೋಟು ಮುರಿಯುತ್ತಾರೆ, ‘ಕ್ಯಾನ್ ಯು ಬ್ರೇಕ್ ಎ ಫೈವ್ ಹಂಡ್ರೆಡ್?’ ಅಂತಲೇ ಕೇಳುತ್ತಾರೆ. ನಾವು ನೀರಿನ ಹಾಗೆ ದುಡ್ಡು ಖರ್ಚು ಮಾಡುತ್ತೇವೆ, ಅವರೂ ‘ಲೈಕ್ ವಾಟರ್’ ಖರ್ಚು ಮಾಡುತ್ತಾರೆ. ನಮಗೆ ದುಡ್ಡು ಹೊಳೆಗೆ ಹಾಕಿದ ಹಾಗಾಗುತ್ತೆ, ಅವರಿಗೆ ‘ಡೌನ್ ದ ಡ್ರೇನ್’ ಹೋಗುತ್ತೆ. ದೂರದ ಭಾಷೆ ಅಂತ ಹೆದರುತ್ತಿದ್ದ ನನಗೆ ಇಂಥ ಹೊಂದಾಣಿಕೆ ಕಂಡಾಗ ಧೈರ್ಯ ಬಂತು.

ಐದನೆಯ ವಾರ ನಮ್ಮ ನಮ್ಮ ಬಿಲ್ ಪುಸ್ತಕ ತರಲು ಹೇಳಿದ್ದರು. ನಾನು ನನ್ನ ಹಸಿರು ರಟ್ಟಿನ ಬಿಲ್ ಪುಸ್ತಕ ಒಯ್ದೆ. ಇಂಗ್ಲೆಂಡಿನವರ ವಿಷಯವನ್ನೂ ಹೇಳಿದೆ, ಫೋನ್ ತೆಗೆದು ಮೆಸೇಜ್ ತೋರಿಸಿದೆ. ಎಲ್ಲರ ಎದುರು ತೋರಿಸಲು ಕಷ್ಟವಾಯಿತು. ಮೇಡಂ ಓದಿ, ನಿಮ್ಮ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ, ನಾವು ಅಡ್ವಾನ್ಸ್ ಅನ್ನುವುದನ್ನು ಅವರು ಡಿಪಾಸಿಟ್ ಅನ್ನುತ್ತಾರೆ ಅಷ್ಟೇ ಅಂದರು. ರೂಮ್ ಹಿಡಿದಿಡಲು ಮೊದಲೇ ಕೊಡುವ ಭಾಗ ಡಿಪಾಸಿಟ್. ಅದನ್ನು ‘ಪೇ’ ಮಾಡುತ್ತಾರೆ, ಬರದಿದ್ದರೆ ‘ಲೂಸ್’ (lose), ಅಂದರೆ ಕಳೆದುಕೊಳ್ಳುತ್ತಾರೆ. ಉಳಿದದ್ದು ‘ಬ್ಯಾಲೆನ್ಸ್’. ಅದು ‘ಡ್ಯೂ ಆನ್ ಅರೈವಲ್’, ಅಂದರೆ ಬಂದ ಕೂಡಲೇ ಕೊಡಬೇಕಾದ್ದು. ವಾಪಸ್ ಕೊಡುವುದಾದರೆ ‘ಗಿವ್ ಎ ಫುಲ್ ರೀಫಂಡ್’. ಸ್ವಲ್ಪ ಹಿಡಿದುಕೊಂಡು ಕೊಡುವುದಾದರೆ ‘ಡಿಡಕ್ಟ್’ ಅನ್ನಬೇಕು, ಕಟ್ ಮಾಡುತ್ತೇನೆ ಅನ್ನಬಾರದು. ಇಲ್ಲ ಅನ್ನಬೇಕಾದಾಗ ಮಾತಿನ ಶುರುವಿಗೆ ‘ಐಯಾಮ್ ಅಫ್ರೇಡ್’ ಹಾಕಿ. ಅದು ಹೆದರಿಕೆ ಅಲ್ಲ, ನಾವು ‘ಬೇಜಾರು ಮಾಡ್ಕೋಬೇಡಿ, ಆದ್ರೆ’ ಅಂತ ಶುರು ಮಾಡುತ್ತೇವಲ್ಲ, ಅದು. ಆ ಮಾತು ಕೇಳಿದಾಗ ನನ್ನ ‘ವಿಲ್ ನಾಟ್ ಕಮ್’ ನೆನಪಾಗಿ ಕಣ್ಣು ತುಂಬಿತು.

ಆಮೇಲೆ ಇಪ್ಪತ್ತು ನಿಮಿಷ ಕೂತು, ಹನ್ನೆರಡು ಜನ ಸೇರಿ, ನನ್ನ ಬುಕಿಂಗ್ ಮೆಸೇಜನ್ನು ಹೊಸದಾಗಿ ಬರೆದೆವು. ಹೀಗಿದೆ: ‘ಟು ಹೋಲ್ಡ್ ದ ರೂಮ್, ಪ್ಲೀಸ್ ಪೇ ಎ ಡಿಪಾಸಿಟ್ ಆಫ್ 2,000 ರುಪೀಸ್. ದ ಬ್ಯಾಲೆನ್ಸ್ ಈಸ್ ಡ್ಯೂ ಆನ್ ಅರೈವಲ್. ಇಫ್ ಯು ಕ್ಯಾನ್ಸಲ್ ತ್ರೀ ಡೇಸ್ ಬಿಫೋರ್, ಯು ವಿಲ್ ಗೆಟ್ ಎ ಫುಲ್ ರೀಫಂಡ್. ಆಫ್ಟರ್ ದಟ್, ದ ಡಿಪಾಸಿಟ್ ಈಸ್ ನಾನ್-ರೀಫಂಡಬಲ್.’ ಬೇಕಾದವರು ಇದನ್ನೇ ನಕಲು ಮಾಡಿಕೊಳ್ಳಿ, ನಿಮ್ಮ ಮೊತ್ತ ಹಾಕಿಕೊಳ್ಳಿ.

ಮಳೆಗಾಲಕ್ಕೆ ಅಂತಲೇ ಒಂದು ಪಾಠ ಇತ್ತು, ಅದು ಕೊಡಗಿನವರಿಗೆ ತುಂಬಾ ಬೇಕು. ಮರ ಬಿದ್ದು ಕರೆಂಟ್ ಹೋಗಿ, ನೆಟ್‌ವರ್ಕ್ ಹೋಗಿ, ಅತಿಥಿ ಫೋನ್‌ಪೇ ಮಾಡಿದ್ದು ಸುತ್ತುತ್ತಲೇ ಇರುತ್ತೆ ಅಲ್ವಾ. ಅವರ ಅಕೌಂಟಿನಿಂದ ದುಡ್ಡು ಹೋಗಿರುತ್ತೆ, ನಮಗೆ ಬಂದಿರುವುದಿಲ್ಲ. ನಾನು ‘ಮನಿ ನಾಟ್ ಕೇಮ್’ ಅನ್ನುತ್ತಿದ್ದೆ. ಕೇಳಿದವರ ಮುಖ ಸಣ್ಣದಾಗುತ್ತಿತ್ತು, ನಾನು ಅವರನ್ನು ನಂಬುತ್ತಿಲ್ಲವೇನೋ ಅನ್ನುವ ಹಾಗೆ. ಅದಕ್ಕೆ ಅವರ ಮಾತು ‘ದ ಪೇಮೆಂಟ್ ಹ್ಯಾಸನ್ಟ್ ಗಾನ್ ಥ್ರೂ ಯೆಟ್’. ದುಡ್ಡು ದಾರಿಯಲ್ಲಿದೆ, ಇನ್ನೂ ದಾಟಿಲ್ಲ ಅನ್ನುವ ಅರ್ಥ. ಅಲ್ಲಿ ಯಾರ ಮೇಲೂ ಅನುಮಾನ ಇಲ್ಲ. ಅವರ ಅಕೌಂಟಿನಿಂದ ಹೋಗಿದೆ ಅನ್ನುವುದಕ್ಕೆ ‘ಡೆಬಿಟೆಡ್ ಫ್ರಂ ಯುವರ್ ಅಕೌಂಟ್’. ಈ ಎರಡನ್ನು ನಾನು ಕೌಂಟರಿನ ಒಳಮುಖಕ್ಕೆ ಚೀಟಿ ಅಂಟಿಸಿ ಇಟ್ಟಿದ್ದೇನೆ.

ಈಗ ಕೊರತೆಗಳು. ಶನಿವಾರ ಮಧ್ಯಾಹ್ನ ಎರಡೂವರೆಗೆ ಕ್ಲಾಸು ಇಟ್ಟರೆ ಹೋಮ್‌ಸ್ಟೇಯವರಿಗೆ ತುಂಬಾ ಕಷ್ಟ. ಬೆಂಗಳೂರಿನಿಂದ ಬರುವವರು ಬಂದು ಇಳಿಯುವ ಹೊತ್ತೇ ಅದು. ನಾನು ಎಂಟು ವಾರವೂ ಅತ್ತೆಯವರನ್ನು ಕೂರಿಸಿ ಹೋಗಬೇಕಾಯಿತು. ಸೋಮವಾರ, ಮಂಗಳವಾರ ಇಟ್ಟರೆ ಇನ್ನೂ ಹತ್ತು ಜನ ಬರುತ್ತಾರೆ. ಇದನ್ನು ಮೇಡಂಗೆ ಹೇಳಿದ್ದೇವೆ. ಜೆರಾಕ್ಸ್ ಹಾಳೆಗಳು ಮಸುಕು, ಅಕ್ಷರ ಸಣ್ಣದು, ಕನ್ನಡಕ ಹಾಕುವವರಿಗೆ ಓದಲು ಆಗುವುದಿಲ್ಲ. ಆರನೆಯ ವಾರ ಪೂರ್ತಿ ನುಡಿಗಟ್ಟುಗಳಿಗೆ ಹೋಯಿತು. ತುಂಬಾ ದುಬಾರಿ ಅನ್ನುವುದಕ್ಕೆ ‘ಕಾಸ್ಟ್ ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್’ ಅನ್ನುತ್ತಾರಂತೆ. ಕೇಳಲು ಚೆನ್ನಾಗಿದೆ, ಆದರೆ ನಾವು ಅದನ್ನು ಎಲ್ಲಿ ಬಳಸೋಣ? ಅದರ ಬದಲು ಬೇರೆ ಬೇರೆ ದೇಶದವರು ಮಾತಾಡಿದ್ದನ್ನು ಕೇಳಿಸಿ ಅಭ್ಯಾಸ ಮಾಡಿಸಿದ್ದರೆ ಚೆನ್ನಾಗಿತ್ತು. ಹೇಳುವುದನ್ನು ಕಲಿತೆವು, ಕೇಳಿ ಹಿಡಿಯುವುದು ಇನ್ನೂ ಕಷ್ಟವೇ. ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯುವುದನ್ನೂ ಹೇಳಿಕೊಡುತ್ತೇನೆ ಅಂದಿದ್ದರು, ಸಮಯ ಸಾಲಲಿಲ್ಲ.

ಬುಡದಿಂದ ಇಂಗ್ಲಿಷ್ ಕಲಿಯಬೇಕು ಅನ್ನುವವರಿಗೆ ಇದು ಅಲ್ಲ. ಸಣ್ಣ ವಾಕ್ಯ ಮಾಡಲು ಬರಬೇಕು, ಇಲ್ಲದಿದ್ದರೆ ಎರಡನೇ ವಾರಕ್ಕೆ ಹಿಂದೆ ಬೀಳುತ್ತೀರಿ. ನಮ್ಮ ಬ್ಯಾಚಿನಲ್ಲಿ ಒಬ್ಬರು ಹಾಗೆ ಬಿಟ್ಟು ಹೋದರು. ಮೇಡಂ ಅವರಿಗೆ ಒಂದು ಕಂತಿನ ದುಡ್ಡು ವಾಪಸ್ ಕೊಟ್ಟರು, ಯಾರೂ ಕೇಳದೆಯೇ.

ಕಾವೇರಿ ಸಂಕ್ರಮಣ ಕಳೆದ ವಾರ ಹೊರದೇಶದ ಅಕ್ಕ ತಂಗಿ ಇಬ್ಬರು ನಮ್ಮಲ್ಲಿಗೆ ಬಂದಿದ್ದರು. ಹೊಸ ಮೆಸೇಜನ್ನೇ ಕಳಿಸಿದ್ದೆ. ‘ದಟ್ಸ್ ವೆರಿ ಕ್ಲಿಯರ್, ಜಸ್ಟ್ ಪೇಯ್ಡ್’ ಅಂತ ಹತ್ತು ನಿಮಿಷದಲ್ಲಿ ಉತ್ತರ ಬಂತು. ಎರಡು ದಿನ ಕಡಂಬಿಟ್ಟು, ನೂಲುಪುಟ್ಟು ತಿಂದುಕೊಂಡು, ತೋಟ ಸುತ್ತಿಕೊಂಡು ಇದ್ದರು. ಹೊರಡುವ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ದೊಡ್ಡವರು ‘ಶಲ್ ವಿ ಸೆಟಲ್ ಅಪ್?’ ಅಂದರು. ಲೆಕ್ಕ ಚುಕ್ತಾ ಮಾಡೋಣವಾ ಅಂತ. ಐದನೇ ವಾರ ಹೇಳಿಕೊಟ್ಟ ಜೋಡಿ ಅದು. ಹಸಿರು ಪುಸ್ತಕ ತೆರೆದು ತೋರಿಸಿದೆ. ಒಟ್ಟು 7,000, ಡಿಪಾಸಿಟ್ 2,000 ಕಳೆದು ಬ್ಯಾಲೆನ್ಸ್ 5,000, ಕಾಫಿಪುಡಿ ಒಂದು ಕೆಜಿಗೆ 600. ಆರು ಸಾವಿರ ಕೊಟ್ಟು, ಉಳಿದ ಚಿಲ್ಲರೆ ಅಡುಗೆಗೆ ಸಹಾಯ ಮಾಡಿದ ಹುಡುಗಿಗೆ ಇರಲಿ ಅಂದರು. ‘ಕೀಪ್ ದ ಚೇಂಜ್’ ಅಂತ ಅವರು ಹೇಳಿದ್ದನ್ನು ನಾನು ಆ ಹುಡುಗಿಗೆ ಕನ್ನಡದಲ್ಲಿ ಹೇಳಿ 400 ರೂಪಾಯಿ ಕೈಗೆ ಕೊಟ್ಟೆ. ಆ ಮಾತು ಇನ್ನೊಂದು ಸಲ ಹೇಳಿ ಅಕ್ಕ ಅಂತ ಅವಳು ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

ಮುಂದಿನ ಬ್ಯಾಚು ಹುತ್ತರಿ ಹಬ್ಬ ಕಳೆದ ಮೇಲೆ ಅಂತ ಮೇಡಂ ಹೇಳಿದ್ದಾರೆ. ಹನ್ನೆರಡು ಜನ ಆದ ಮೇಲೆ ತಗೊಳ್ಳುವುದಿಲ್ಲ. ಹೋಗುವವರು ನಿಮ್ಮ ಬಿಲ್ ಪುಸ್ತಕ, ಫೋನಿನಲ್ಲಿರುವ ಹಳೆಯ ಮೆಸೇಜ್‌ಗಳು, ದಪ್ಪ ಅಕ್ಷರ ಬರೆಯುವ ಒಂದು ಪೆನ್ನು, ಇಷ್ಟು ತಗೊಂಡು ಹೋಗಿ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಬಸ್ಸಿನಲ್ಲಿ ಹೋಗುವುದೇ ಒಳ್ಳೆಯದು.